ಕಣ್ಣಿನ ಚಲನೆಯಿಂದ ಮನಸ್ಸಿನ ಗಾಯಕ್ಕೆ ಚಿಕಿತ್ಸೆ

ಭಯಂಕರವಾದುದನ್ನು ಕಂಡು ಬೆದರಿದ ಮಗುವಿಗೆ ನಾವು ಸಾಮಾನ್ಯವಾಗಿ ಹೇಳುವ ಮಾತು ‘ಅದನ್ನು ಮರೆತುಬಿಡು’ ಎಂಬುದು. ಮರೆಯುವುದು ಅದರ ಕೈಯಲ್ಲಿದ್ದರೆ ಅದು ಎಂದೋ ಮರೆಯುತ್ತಿದ್ದಿತು. ಪ್ರವಾಹ, ಅಪಘಾತ, ಬಲಾತ್ಕಾರ ಮೊದಲಾದುವುಗಳಿಗೆ ಸಿಕ್ಕಿ ಉಳಿದವರಲ್ಲಿ ಕೆಲವರಿಗೆ ಆ ನೆನಪು ಹಳೆಯದಾಗುವುದೇ ಇಲ್ಲ. ಒಂದು ವಾಸನೆ, ಒಂದು ಸದ್ದು ಸಾಕು. ಎಲ್ಲವೂ ಈಗಲೇ ನಡೆಯುತ್ತಿರುವಂತೆ ಎದೆ ಹೊಡೆದುಕೊಳ್ಳುವುದು.

ಇಂಥವರಿಗೆ ನೀಡುವ ಚಿಕಿತ್ಸೆಗಳಲ್ಲೊಂದನ್ನು ಕಂಡುಹಿಡಿದವರು ಅಮೆರಿಕದ ಫ್ರಾನ್ಸಿನ್ ಶಪೀರೋ ಎಂಬ ಮಹಿಳೆ. 1987ರಲ್ಲಿ ಉದ್ಯಾನವೊಂದರಲ್ಲಿ ನಡೆಯುತ್ತಿದ್ದಾಗ, ಕಣ್ಣುಗಳು ಅತ್ತಿತ್ತ ವೇಗವಾಗಿ ಚಲಿಸಿದೊಡನೆ ತಮ್ಮನ್ನು ಕಾಡುತ್ತಿದ್ದ ಯೋಚನೆಗಳ ಕಹಿ ತಗ್ಗಿದುದನ್ನು ಅವರು ಗಮನಿಸಿದರಂತೆ. ಮೊದಲ ಪರೀಕ್ಷೆಯ ಫಲವನ್ನು 1989ರಲ್ಲಿ ಪ್ರಕಟಿಸಿದರು. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಇದನ್ನು ಇ.ಎಂ.ಡಿ.ಆರ್. ಎನ್ನುವರು.

ಇದರಲ್ಲಿ ಎಂಟು ಹಂತಗಳುಂಟು. ಮೊದಲು ರೋಗಿಯ ವೃತ್ತಾಂತವನ್ನು ಕೇಳಿ, ಮನಸ್ಸನ್ನು ಶಾಂತಗೊಳಿಸಿಕೊಳ್ಳುವ ಬಗೆಯನ್ನು ಕಲಿಸುವರು. ಈ ಸಿದ್ಧತೆಯಿಲ್ಲದೆ ಮುಂದುವರಿಯತಕ್ಕದ್ದಲ್ಲ. ಬಳಿಕ ನೆನಪಿನಲ್ಲಿ ಅತ್ಯಂತ ಘೋರವಾದ ಚಿತ್ರವಾವುದು, ಅದರೊಡನೆ ತನ್ನ ವಿಷಯದಲ್ಲಿ ಹುಟ್ಟಿದ ನಂಬಿಕೆಯೇನು ಎಂಬುದನ್ನು ಕೇಳುವರು. ‘ತಪ್ಪು ನನ್ನದೇ’ ಎನ್ನುವವರು ಎಷ್ಟು ಮಂದಿ! ಸಂಕಟವನ್ನು ಸೊನ್ನೆಯಿಂದ 10ರವರೆಗಿನ ಅಂಕದಲ್ಲಿ ರೋಗಿಯೇ ಅಳೆಯಬೇಕು. ಆಮೇಲೆ ಆ ಚಿತ್ರವನ್ನು ಮನಸ್ಸಿನಲ್ಲಿರಿಸಿಕೊಂಡು, ತಲೆಯನ್ನು ತಿರುಗಿಸದೆ, ಚಿಕಿತ್ಸಕರ ಆಡುವ ಬೆರಳುಗಳನ್ನು ಸುಮಾರು ಅರ್ಧ ನಿಮಿಷ ಕಣ್ಣಿನಿಂದ ಹಿಂಬಾಲಿಸಬೇಕು. ನಿಲ್ಲಿಸಿ, ಉಸಿರೆಳೆದು, ತೋರಿದುದನ್ನು ಹೇಳಿ, ಮತ್ತೆ ಆರಂಭ. ಸಂಕಟ ಇಳಿದ ಮೇಲೆ ‘ನನ್ನಿಂದಾದುದನ್ನು ಮಾಡಿದೆನು’ ಎಂಬಂಥ ನಂಬಿಕೆಯನ್ನು ಆ ನೆನಪಿನೊಡನೆ ಬಲಪಡಿಸುವರು. ಇದು ಸಂಮೋಹನವಲ್ಲ, ರೋಗಿಯು ಎಚ್ಚರವಾಗಿಯೇ ಇರುವನು, ಬೇಕಾದಾಗ ಕೈಯೆತ್ತಿ ನಿಲ್ಲಿಸಬಲ್ಲನು.

ಮೆಕ್ಸಿಕೋ ದೇಶದ ಅಕಾಪುಲ್ಕೋ ನಗರವು 1997ರಲ್ಲಿ ಚಂಡಮಾರುತಕ್ಕೆ ತುತ್ತಾದ ಬಳಿಕ, ಅಲ್ಲಿಯ ಮಕ್ಕಳಿಗಾಗಿ ‘ಚಿಟ್ಟೆಯ ಅಪ್ಪುಗೆ’ ಎಂಬ ಕ್ರಮವೊಂದು ಹುಟ್ಟಿತು: ಕೈಗಳನ್ನು ಎದೆಯ ಮೇಲೆ ಅಡ್ಡಲಾಗಿರಿಸಿ, ಎಡಬಲಗಳಲ್ಲಿ ಸರದಿಯಂತೆ ಮೆಲ್ಲನೆ ತಟ್ಟಿಕೊಳ್ಳುವುದು.

ಕಣ್ಣಾಡಿಸುವುದರಿಂದ ನೋವೇಕೆ ತಗ್ಗಬೇಕು? ಮನಸ್ಸು ಒಮ್ಮೆಗೆ ಹಿಡಿಯಬಲ್ಲುದು ಸ್ವಲ್ಪ; ಬೆರಳನ್ನೂ ಚಿತ್ರವನ್ನೂ ಒಟ್ಟಿಗೆ ಹಿಡಿಯಹೋಗಿ ಚಿತ್ರವು ಮಸುಕಾಗುವುದೆಂದು ಕೆಲವರ ಅಭಿಪ್ರಾಯ. ಕಣ್ಣಿನ ಚಲನೆಯೇ ಅನಾವಶ್ಯಕ, ಗುಣವೆಲ್ಲ ಧೈರ್ಯವಾಗಿ ನೆನೆಯುವುದರಿಂದ ಎನ್ನುವವರೂ ಉಂಟು. ಈ ವಾದ ತೀರಿಲ್ಲ. ಆದರೆ ಚಿಕಿತ್ಸೆಯ ಫಲವನ್ನು ಒಪ್ಪಿ, ವಿಶ್ವ ಆರೋಗ್ಯ ಸಂಸ್ಥೆಯು 2013ರಲ್ಲಿ ದೊಡ್ಡವರಿಗೂ ಮಕ್ಕಳಿಗೂ ಇದನ್ನು ಶಿಫಾರಸು ಮಾಡಿತು.

ತಾಯಂದಿರಲ್ಲಿ ಒಂದು ಬಿನ್ನಹ: ಇದನ್ನೋದಿ ಮನೆಯಲ್ಲಿ ಮಗುವಿನ ಮುಂದೆ ಬೆರಳಾಡಿಸಬೇಡಿರಿ. ಕೆದಕಿದ ನೆನಪನ್ನು ಶಮನಗೊಳಿಸಲು ಶಿಕ್ಷಣ ಪಡೆದ ಚಿಕಿತ್ಸಕರೇ ಬೇಕು. ಚಿಕಿತ್ಸೆ ಮುಗಿದ ಮೇಲೂ ಮಗುವು ನಡೆದುದನ್ನು ಮರೆತಿರುವುದಿಲ್ಲ. ಕೇಳಿದರೆ ಹೇಳುವುದು, ಆದರೆ ಹೇಳುವಾಗ ನಡುಗುವುದಿಲ್ಲ.