ಬಿರುಗಾಳಿಗೆ ಸಿಕ್ಕ ಎಳೆಯ ಮನಸ್ಸು

ಹದಿಹರೆಯದ ಮಕ್ಕಳಿರುವ ಮನೆಯಲ್ಲಿ ಮುನಿಸು, ಮೌನ, ಬಾಗಿಲು ಬಡಿಯುವ ಸದ್ದು ಇವು ಯಾವುವೂ ಹೊಸತಲ್ಲ. ಬೆಳಿಗ್ಗೆ ಮುಖ ಊದಿಸಿಕೊಂಡು ಕಾಲೇಜಿಗೆ ಹೋದ ಮಗಳು ಸಂಜೆ ನಗುನಗುತ್ತ ಬಂದು ತಿಂಡಿ ಕೇಳುತ್ತಾಳೆ. ತಾಯಿಯೂ ಬೆಳಗಿನ ಮಾತನ್ನು ಮರೆತಿರುತ್ತಾಳೆ. ಬೆಳೆಯುವ ಮನಸ್ಸಿನ ಈ ಏರಿಳಿತ ಸಹಜವಾದದ್ದೇ.

ಆದರೆ ಕೆಲವು ಮನೆಗಳಲ್ಲಿ ಈ ಅಲೆ ಇಳಿಯುವುದೇ ಇಲ್ಲ. ಗೆಳತಿ ಫೋನಿಗೆ ಉತ್ತರಿಸಲು ತುಸು ತಡಮಾಡಿದರೆ ಲೋಕವೇ ತನ್ನನ್ನು ತೊರೆಯಿತೆಂಬ ಹತಾಶೆ. ನಿನ್ನೆ ಪ್ರಾಣವಾಗಿದ್ದವಳು ಇಂದು ಪರಮವೈರಿ. ತಾನು ಯಾರು, ತನಗೇನು ಬೇಕು ಎಂಬುದೇ ತಿಳಿಯದ ಗೊಂದಲ. ಎಷ್ಟು ತುಂಬಿದರೂ ತುಂಬದ ಒಳಗಿನ ಬರಿದುತನ. ಉಕ್ಕಿದ ಕೋಪ ಇಳಿದ ಮೇಲೆ ಅಷ್ಟೇ ಆಳವಾದ ನಾಚಿಕೆ. ಕೊನೆಗೆ, ಸಹಿಸಲಾರದೆ ತನ್ನ ಮೈಯನ್ನೇ ತಾನು ನೋಯಿಸಿಕೊಳ್ಳುವ ಹಂತ. ಹುಡುಗರಲ್ಲೂ ಇದುಂಟು, ಆದರೆ ಅಲ್ಲಿ ಅದನ್ನು ಬರಿಯ ಪುಂಡಾಟವೆಂದು ತಳ್ಳಿಹಾಕುವುದು ಸುಲಭ. ಹೀಗೆ ತಿಂಗಳುಗಳು ಉರುಳಿ, ಬೇಸತ್ತ ತಾಯ್ತಂದೆಯರು ವೈದ್ಯರ ಬಾಗಿಲಿಗೆ ಹೋದಾಗ ಅವರು ಒಂದು ಉದ್ದನೆಯ ಹೆಸರನ್ನು ಹೇಳುತ್ತಾರೆ: ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್.

ಹೆಸರಿನ ಹಿಂದೆ

ಬಾರ್ಡರ್‌ಲೈನ್ ಎಂದರೆ ಗಡಿರೇಖೆ. 1938ರಲ್ಲಿ ನ್ಯೂಯಾರ್ಕಿನ ಮನೋವಿಶ್ಲೇಷಕ ಅಡಾಲ್ಫ್ ಸ್ಟರ್ನ್, ಆ ಕಾಲದ ಎರಡು ಬಗೆಯ ಮನೋರೋಗಗಳ ನಡುವಣ ಗಡಿಯಲ್ಲಿ ನಿಂತಂತಿದ್ದ ಕೆಲವು ರೋಗಿಗಳನ್ನು ಈ ಹೆಸರಿನಿಂದ ಕರೆದರು. ಅಮೆರಿಕದ ಮನೋವೈದ್ಯರ ಸಂಘ 1980ರಲ್ಲಿ ಇದನ್ನು ತನ್ನ ಅಧಿಕೃತ ಕೈಪಿಡಿಗೆ ಸೇರಿಸಿಕೊಂಡಿತು. ಗಡಿಯ ಕಲ್ಪನೆ ಹಳತಾಯಿತು. ಹೆಸರು ಮಾತ್ರ ಉಳಿಯಿತು.

ಹದಿನೆಂಟು ತುಂಬದವರಿಗೆ ಈ ಹೆಸರನ್ನು ಕೊಡುವಾಗ ವೈದ್ಯರು ಎಚ್ಚರಿಕೆಯಿಂದಿರುತ್ತಾರೆ. ಲಕ್ಷಣಗಳು ಕನಿಷ್ಠ ಒಂದು ವರ್ಷವಾದರೂ ಬಿಡದೆ ಇರಬೇಕೆಂಬುದು ಆ ಕೈಪಿಡಿಯ ನಿಯಮ. ಆದರೆ ಹೆಸರಿಗಾಗಿ ಕಾಯುತ್ತ ನೆರವನ್ನು ತಡಮಾಡಬೇಕಾಗಿಲ್ಲ.

ಕಾರಣ ಒಂದೇ ಅಲ್ಲ. ಕೆಲವರು ಹುಟ್ಟಿನಿಂದಲೇ ಸೂಕ್ಷ್ಮ ಸ್ವಭಾವದವರು. ಇತರರಿಗೆ ತರಚಿದಷ್ಟು ನೋಯುವುದು ಇವರಿಗೆ ಸುಟ್ಟಷ್ಟು ನೋಯುತ್ತದೆ. ವಂಶದ ಪಾಲು ಇದರಲ್ಲಿದೆ. ಆ ನೋವನ್ನು ಸುತ್ತಲಿನವರು ಮತ್ತೆ ಮತ್ತೆ ಅಲ್ಲಗಳೆದರೆ ಗಾಯ ಆಳವಾಗುತ್ತದೆ. ಬಾಲ್ಯದಲ್ಲಿ ದೌರ್ಜನ್ಯವನ್ನೋ ಅಲಕ್ಷ್ಯವನ್ನೋ ಉಂಡವರು ಇವರಲ್ಲಿ ಅನೇಕರಿದ್ದಾರೆ, ಎಲ್ಲರೂ ಅಲ್ಲ. ಆದ್ದರಿಂದ ತಾಯ್ತಂದೆಯರನ್ನು ಕಟಕಟೆಯಲ್ಲಿ ನಿಲ್ಲಿಸುವುದು ಎಷ್ಟು ತಪ್ಪೋ, ಮಗುವನ್ನು ದೂಷಿಸುವುದೂ ಅಷ್ಟೇ ತಪ್ಪು.

ಹಾರ್ಟ್‌ಫರ್ಡಿನ ಹುಡುಗಿ

1961ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ನಗರದ ‘ಇನ್‌ಸ್ಟಿಟ್ಯೂಟ್ ಆಫ್ ಲಿವಿಂಗ್’ ಎಂಬ ಮನೋಚಿಕಿತ್ಸಾಲಯಕ್ಕೆ 17 ವರ್ಷದ ಹುಡುಗಿಯೊಬ್ಬಳನ್ನು ಕರೆತಂದರು. ಅವಳ ಹೆಸರು ಮಾರ್ಷಾ ಲಿನೆಹನ್. ತನ್ನನ್ನು ತಾನೇ ನೋಯಿಸಿಕೊಳ್ಳುತ್ತಿದ್ದ ಆಕೆಗೆ ಸ್ಕಿಜೋಫ್ರೇನಿಯಾ ಇದೆಯೆಂದು ಆಗ ಬರೆದರು. ಎರಡು ವರ್ಷಗಳಿಗೂ ಮಿಕ್ಕಿ ಆಕೆ ಅಲ್ಲಿದ್ದಳು. ತಾನು ಈ ನರಕದಿಂದ ಹೊರಬಂದರೆ ಇತರರನ್ನೂ ಹೊರತರುವೆನೆಂದು ಅವಳು ಸಂಕಲ್ಪಮಾಡಿಕೊಂಡಳು.

ಆ ಸಂಕಲ್ಪ ಹುಸಿಯಾಗಲಿಲ್ಲ. ಲಿನೆಹನ್ ಮನಶ್ಶಾಸ್ತ್ರವನ್ನು ಓದಿ, ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ‘ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ’ ಎಂಬ ಚಿಕಿತ್ಸಾಕ್ರಮವನ್ನು ರೂಪಿಸಿ 1991ರಲ್ಲಿ ಅದರ ಮೊದಲ ಪರೀಕ್ಷೆಯ ಫಲವನ್ನೂ 1993ರಲ್ಲಿ ಅದರ ಗ್ರಂಥವನ್ನೂ ಪ್ರಕಟಿಸಿದರು. 2011ರಲ್ಲಿ, ತಾವು ರೋಗಿಯಾಗಿದ್ದ ಅದೇ ಆಸ್ಪತ್ರೆಯಲ್ಲಿ ನಿಂತು ತಮ್ಮ ಕಥೆಯನ್ನು ಲೋಕದ ಮುಂದಿಟ್ಟರು.

ಈ ಕ್ರಮದ ತಿರುಳು ಎರಡು ಮಾತುಗಳಲ್ಲಿದೆ. ನೀನಿರುವ ಸ್ಥಿತಿಯಲ್ಲಿ ನಿನ್ನ ನೋವು ನಿಜ. ಆದರೂ ನೀನು ಬದಲಾಗಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದರೆ ಕೆಲಸ ಕೆಡುತ್ತದೆ. ಹದಿಹರೆಯದವರಿಗಾಗಿ ಇದನ್ನು ಅಳವಡಿಸಿದಾಗ ತಾಯ್ತಂದೆಯರನ್ನೂ ಮಕ್ಕಳೊಡನೆ ಕೂರಿಸಿ ಕಲಿಸತೊಡಗಿದರು. 2014ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನವೊಂದರಲ್ಲಿ 77 ಮಂದಿ ಹದಿಹರೆಯದವರನ್ನು ಎರಡು ಗುಂಪುಮಾಡಿ 19 ವಾರಗಳ ಕಾಲ ಚಿಕಿತ್ಸೆ ನೀಡಿದರು. ಈ ಕ್ರಮವನ್ನು ಅನುಸರಿಸಿದ ಗುಂಪಿನಲ್ಲಿ ತಮ್ಮನ್ನು ತಾವು ನೋಯಿಸಿಕೊಳ್ಳುವುದು ಹೆಚ್ಚು ಇಳಿಯಿತು. ಈ ತೊಂದರೆಗೆಂದೇ ಇರುವ ಮಾತ್ರೆಯಿಲ್ಲ; ಜೊತೆಗಿರುವ ಖಿನ್ನತೆಯಂಥ ಕಾಯಿಲೆಗಳಿಗೆ ವೈದ್ಯರು ಔಷಧ ಕೊಡುವುದುಂಟು. ಮುಖ್ಯ ಮದ್ದು ಮಾತೇ.

ಮನೆಯ ಮಾತು

ಭಾಷೆಯನ್ನು ಕಲಿಸುವ ವೃತ್ತಿಯವನಾದ ನನಗೆ, ಇಂಥ ಮಕ್ಕಳ ವಿಷಯದಲ್ಲಿ ನಾವು ಬಳಸುವ ಮಾತುಗಳು ಚುಚ್ಚುತ್ತವೆ. ‘ನಾಟಕ ಮಾಡುತ್ತಾಳೆ’, ‘ಹೆದರಿಸುತ್ತಾನೆ’, ‘ನಾಲ್ಕು ಬಿಗಿದರೆ ಸರಿಹೋಗುತ್ತದೆ’. ನಾಟಕದಲ್ಲಿ ಗಾಯ ಬರಿಯ ಬಣ್ಣ. ಇಲ್ಲಿ ಅದು ನಿಜವಾದದ್ದು.

ಮಗಳು ಸಂಜೆ ಬಂದು, “ಅಮ್ಮ, ಅವರೆಲ್ಲ ನನ್ನನ್ನು ಬಿಟ್ಟು ಸಿನೆಮಾಕ್ಕೆ ಹೋದರು. ನಾನು ಯಾರಿಗೂ ಬೇಡ, ನಿನಗೂ ಬೇಡ” ಎಂದು ಪುಸ್ತಕವನ್ನು ಎಸೆದಳೆನ್ನೋಣ. “ಇಷ್ಟಕ್ಕೆ ಇಷ್ಟು ರಂಪವೇ? ನಿನಗೆ ನಾವೇನು ಕಡಿಮೆ ಮಾಡಿದ್ದೇವೆ?” ಎಂಬುದು ನಮ್ಮ ನಾಲಿಗೆಗೆ ಮೊದಲು ಬರುವ ಉತ್ತರ. ಅದರ ಬದಲು, “ಹೇಳದೆ ಹೋದರೇನೇ? ತುಂಬಾ ನೋವಾಗಿರಬೇಕು ಕಣೇ ನಿನಗೆ” ಎಂದು ನೋಡಿ. ಇದು ಅವಳ ತೀರ್ಮಾನಕ್ಕೆ ಹಾಕಿದ ಒಪ್ಪಿಗೆಯಲ್ಲ. ಅವಳ ನೋವಿಗೆ ಕೊಟ್ಟ ಮನ್ನಣೆ. ಆಮೇಲೆ ಮೇರೆ: “ಕೋಪ ಬರಲಿ ಪುಟ್ಟಿ, ಎಸೆಯುವುದು ಮಾತ್ರ ಬೇಡ. ಸ್ವಲ್ಪ ಹೊತ್ತು ಬಿಟ್ಟು ಮಾತಾಡೋಣ. ನಾನು ಅಡುಗೆಮನೆಯಲ್ಲೇ ಇರುತ್ತೇನೆ.” ಈ ಕೊನೆಯ ವಾಕ್ಯ ಚಿಕ್ಕದಾದರೂ ಬಹಳ ಮುಖ್ಯ. ತೊರೆದುಬಿಡುತ್ತಾರೆಂಬ ಭಯವೇ ಮೂಲವಾದ ಮನಸ್ಸಿಗೆ “ಮನೆ ಬಿಟ್ಟು ಹೋಗು” ಎಂಬ ಗದರಿಕೆ ವಿಷವಾದರೆ, “ಇಲ್ಲೇ ಇರುತ್ತೇನೆ” ಎಂಬ ಭರವಸೆ ಅನ್ನದಷ್ಟೇ ಅಗತ್ಯ.

ಮೇರೆಗಳು ಕೆಲವೇ ಇರಲಿ, ಎಲ್ಲರದೂ ಒಂದೇ ಇರಲಿ. ತಂದೆ ಬೇಡವೆಂದದ್ದನ್ನು ಅಜ್ಜಿ ಗುಟ್ಟಾಗಿ ಕೊಟ್ಟರೆ ಮೇರೆಯೂ ಹೋಯಿತು, ನಂಬಿಕೆಯೂ ಹೋಯಿತು. ಬಿರುಗಾಳಿಯೆದ್ದಾಗ ಮಾತ್ರ ಮನೆಯವರೆಲ್ಲ ಸುತ್ತ ನೆರೆದು, ಶಾಂತವಾದ ದಿನ ಯಾರೂ ತಿರುಗಿ ನೋಡದಿದ್ದರೆ, ಬಿರುಗಾಳಿಯೇ ಅಕ್ಕರೆಯ ದಾರಿಯೆಂದು ಮಗು ಕಲಿಯುತ್ತದೆ. ನೆಂಟರ ಮುಂದೆ ಮಗುವಿನ ಸುದ್ದಿಯನ್ನು ಹರಡಬೇಡಿ. ಮನೆಯ ಇತರ ಮಕ್ಕಳ ಪಾಲಿನ ಹೊತ್ತನ್ನು ಅವರಿಗೇ ಮೀಸಲಿಡಿ. ತಾಯಿಯಾದವಳು ತನ್ನ ನಿದ್ರೆಯನ್ನೂ ಅನ್ನವನ್ನೂ ಮರೆಯದಿರಲಿ. ಒಲೆಯೇ ಆರಿದರೆ ಮನೆಗೆಲ್ಲಿಯ ಬಿಸಿ?

ಅಪಾಯದ ಗಳಿಗೆ

“ಸಾಯಬೇಕೆನಿಸುತ್ತಿದೆ” ಎಂಬ ಮಾತನ್ನು ಎಂದೂ ಹಗುರವಾಗಿ ತೆಗೆದುಕೊಳ್ಳಬಾರದು. ಅಂಥ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ, ಶಾಂತವಾಗಿ ಕೇಳಿ. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಹೊತ್ತ ಭಾರ ಇಳಿಯುತ್ತದೆ. ಮನೆಯ ಮಾತ್ರೆ, ವಿಷಪದಾರ್ಥಗಳು ಬೀಗದಲ್ಲಿರಲಿ. ಅಪಾಯ ಹತ್ತಿರವಿದೆಯೆನಿಸಿದರೆ ಮಗುವನ್ನು ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಪೊಲೀಸು, ಮೊಕದ್ದಮೆ ಎಂದು ಅಂಜಿ ಮುಚ್ಚಿಡಬೇಡಿ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯು, ಸಾಯಲು ಯತ್ನಿಸಿದವರು ತೀವ್ರ ಮನೋಯಾತನೆಯಲ್ಲಿದ್ದರೆಂದೇ ಭಾವಿಸಿ ಅವರನ್ನು ಶಿಕ್ಷೆಯಿಂದ ಪಾರುಮಾಡಿದೆ. ಕೇಂದ್ರ ಸರ್ಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಗೆ ಫೋನು ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಆ ಸೇವೆಯ ಕೇಂದ್ರ ಸಂಸ್ಥೆ.

ಮನೆಯವರು ಚಿಕಿತ್ಸೆಯಲ್ಲಿ ಪಾಲುಗೊಳ್ಳುವುದು ಪರದೇಶದಿಂದ ತಂದ ಪದ್ಧತಿಯಲ್ಲ. 1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಗಳ ಬಂಧುಗಳಿಗೆ ಆವರಣದಲ್ಲಿ ಡೇರೆ ಹಾಕಿಸಿ, ಅವರನ್ನೂ ಶುಶ್ರೂಷೆಗೆ ಸೇರಿಸಿಕೊಂಡರು. ಅಲ್ಲಿನ ರೋಗಗಳು ಬೇರೆಯಾಗಿದ್ದಿರಬಹುದು. ಬಂಧುಗಳ ಸನ್ನಿಧಿಯ ಬೆಲೆ ಎಲ್ಲೆಡೆಯೂ ಒಂದೇ.

ಮುಂದೇನು ಎಂಬುದು ಪ್ರತಿ ತಾಯಿಯ ಪ್ರಶ್ನೆ. ಅಮೆರಿಕದ ಮೆಕ್ಲೀನ್ ಆಸ್ಪತ್ರೆಯಲ್ಲಿ ಮೇರಿ ಜನರಿನಿ ಅವರು ಒಳರೋಗಿಗಳಾಗಿದ್ದ 290 ಮಂದಿಯನ್ನು ವರ್ಷಾನುಗಟ್ಟಲೆ ಗಮನಿಸಿದರು. 2010ರಲ್ಲಿ ಪ್ರಕಟವಾದ ವರದಿಯಂತೆ, ಹತ್ತು ವರ್ಷಗಳಲ್ಲಿ ಶೇಕಡಾ 93 ಮಂದಿಯ ಲಕ್ಷಣಗಳು ಕನಿಷ್ಠ ಎರಡು ವರ್ಷ ಕಾಲ ರೋಗವೆನ್ನಲಾಗದಷ್ಟು ಇಳಿದಿದ್ದವು. ಉದ್ಯೋಗ, ಸ್ನೇಹಗಳಲ್ಲೂ ಪೂರ್ತಿಯಾಗಿ ನೆಲೆನಿಂತವರು ಅರ್ಧದಷ್ಟು ಮಂದಿ. ಮತ್ತೆ ಜಾರಿದವರೂ ಇದ್ದರು. ದಾರಿ ದೀರ್ಘವಾದದ್ದು, ಆದರೆ ಕುರುಡು ಓಣಿಯಲ್ಲ. ಆ ದಾರಿಯಲ್ಲಿ ಮಗುವಿನ ನೋವನ್ನು ನಂಬುವವರು, ನಂಬುತ್ತಲೇ ತಮ್ಮ ಮೇರೆಯನ್ನು ಬಿಡದವರು ಮನೆಯಲ್ಲಿ ಒಬ್ಬರಾದರೂ ಇರಬೇಕು. ಇಬ್ಬರಿದ್ದರೆ ಇನ್ನೂ ಲೇಸು.