ಕಾಳಿಂಗನ ಹೆಡೆಯ ಮೇಲೆ ಕುಣಿದ ಬಾಲೆ
ಮೂಕಚಿತ್ರಯುಗದ ಪುಟ್ಟ ತಾರೆ ಮಂದಾಕಿನಿ ಫಾಲ್ಕೆ

ದಾದರ ಸ್ಟೇಶನ್ನಿನಲ್ಲಿಳಿದು ಪೂರ್ವದ ಕಡೆಗೆ ಹೊರಟರೆ ದಾದಾಸಾಹೇಬ ಫಾಲ್ಕೆ ಮಾರ್ಗವು ಸಿಗುತ್ತದೆ. ನಮ್ಮವರಲ್ಲಿ ಎಷ್ಟೋ ಮಂದಿ ಆ ರಸ್ತೆಯನ್ನು ದಿನವೂ ತುಳಿಯುವವರೇ. ಬೆಳಗಿನ ಪಾಳಿಗೆ ಧಾವಿಸುವ ಹೋಟೆಲು ನೌಕರರೂ, ಬುತ್ತಿಯ ಚೀಲವನ್ನು ಹೆಗಲಿಗೇರಿಸಿ ಕಚೇರಿಗೆ ಹೊರಟ ಗುಮಾಸ್ತರೂ ನಾಮಫಲಕದ ಕಡೆಗೊಮ್ಮೆ ಕಣ್ಣು ಹಾಯಿಸಿ ಮುಂದೆ ಸಾಗುತ್ತಾರೆ. ಈ ರಸ್ತೆಯ ಒಂದು ಬಂಗಲೆಯಲ್ಲಿ 1912ರಲ್ಲಿ ಧುಂಡಿರಾಜ ಗೋವಿಂದ ಫಾಲ್ಕೆ ಎಂಬ ಗೃಹಸ್ಥರು ‘ರಾಜಾ ಹರಿಶ್ಚಂದ್ರ’ವೆಂಬ ಚಿತ್ರವನ್ನು ತಯಾರಿಸಿದರು. ನಮ್ಮ ದೇಶದ ಚಿತ್ರೋದ್ಯಮವು ಅಲ್ಲಿ ಕಣ್ದೆರೆಯಿತೆಂಬುದನ್ನು ಬಹುಮಂದಿ ವಾಚಕರು ಬಲ್ಲರು.

ಫಾಲ್ಕೆಯವರಿಗೆ ಸಲ್ಲಬೇಕಾದ ಗೌರವವು ಸಂದಿದೆ. 1969ರಲ್ಲಿ ಭಾರತ ಸರಕಾರವು ಅವರ ಹೆಸರಿನಲ್ಲಿ ಪ್ರಶಸ್ತಿಯೊಂದನ್ನು ಸ್ಥಾಪಿಸಿತು. ಗೋರೆಗಾಂವಿನ ಚಿತ್ರನಗರಿಗೆ 2001ರಲ್ಲಿ ಅವರ ಹೆಸರನ್ನೇ ಇಟ್ಟರು. ಇದೆಲ್ಲವೂ ಯೋಗ್ಯವೇ ಸರಿ. ಆದರೆ ಅದೇ ಮನೆಯ ಒಂದು ಹೆಣ್ಣು ಮಗುವಿನ ಹೆಸರು ಯಾವ ಫಲಕದ ಮೇಲೂ ನಮ್ಮ ಕಣ್ಣಿಗೆ ಬಿದ್ದಿಲ್ಲ. ಅವಳೇ ಫಾಲ್ಕೆಯವರ ಮಗಳು ಮಂದಾಕಿನಿ. 1919ರಲ್ಲಿ ತೆರೆ ಕಂಡ ‘ಕಾಳಿಯಾ ಮರ್ದನ’ ಚಿತ್ರದಲ್ಲಿ ಕೃಷ್ಣನಾಗಿ ಕಾಣಿಸಿಕೊಂಡಾಗ ಅವಳಿಗೆ ಏಳು ವರ್ಷ. ಭಾರತೀಯ ಚಲಚ್ಚಿತ್ರದ ಮೊದಲ ಬಾಲತಾರೆಯೆಂದು ಆಕೆಯನ್ನು ಕರೆಯುವುದುಂಟು.

ಉಡುಪಿಯ ಶ್ರೀಕೃಷ್ಣನ ಹೆಸರನ್ನು ಹೊತ್ತು ಈ ಮಹಾನಗರದಲ್ಲಿ ಬದುಕನ್ನು ಕಟ್ಟಿಕೊಂಡವರು ನಾವು. ಕೈಯಲ್ಲಿ ಕಡೆಗೋಲು ಹಿಡಿದ ಆ ಬಾಲಕೃಷ್ಣನ ಪಟವು ನಮ್ಮ ಹೋಟೆಲುಗಳ ಗಲ್ಲೆಯ ಮೇಲ್ಗಡೆ ನಗುತ್ತಲೇ ಇರುತ್ತದೆ. ಆದುದರಿಂದ ಬೆಳ್ಳಿತೆರೆಯ ಈ ಬಾಲಕೃಷ್ಣನ ಕಥೆಯನ್ನು ತಿಳಿಯುವ ಆಸಕ್ತಿ ನಮ್ಮ ವಾಚಕರಿಗೆ ಸಹಜವಾಗಿಯೇ ಇರುವುದೆಂದು ನಂಬಿದ್ದೇವೆ. ಕಥೆಯ ಆರಂಭವಾದರೋ, ಒಂದು ಹೋಟೆಲಿನ ಅಡಿಗೆಮನೆಯಲ್ಲಿ!

ಅಡಿಗೆಮನೆಯಿಂದ ಬಂದ ರಾಣಿ

ಫಾಲ್ಕೆಯವರು ಹುಟ್ಟಿದ್ದು 1870ರಲ್ಲಿ, ನಾಸಿಕದ ಸಮೀಪದ ತ್ರ್ಯಂಬಕೇಶ್ವರದಲ್ಲಿ. ಚಿತ್ರಕಲೆ, ಛಾಯಾಗ್ರಹಣ, ಮುದ್ರಣ ಮೊದಲಾದ ಹಲವು ವಿದ್ಯೆಗಳಲ್ಲಿ ಅವರು ಕೈಯಾಡಿಸಿದವರು. ನಾಲ್ವತ್ತರ ವಯಸ್ಸಿನ ಹೊತ್ತಿಗೆ ಗಿರಗಾಂವಿನಲ್ಲಿ ಕ್ರಿಸ್ತನ ಜೀವನವನ್ನು ಕುರಿತ ಚಿತ್ರವೊಂದನ್ನು ನೋಡಿದರು. ನಮ್ಮ ರಾಮಕೃಷ್ಣರನ್ನೂ ಹೀಗೆ ತೆರೆಯ ಮೇಲೆ ಕಾಣುವ ದಿನ ಎಂದು ಬಂದೀತು ಎಂಬ ಹಂಬಲ ಅವರಲ್ಲಿ ಮೂಡಿತು. ವಿಮಾ ಪತ್ರವನ್ನು ಒತ್ತೆಯಿಟ್ಟು, 1912ರ ಆರಂಭದಲ್ಲಿ ಲಂಡನ್ನಿಗೆ ಹೋಗಿ, ಕ್ಯಾಮರಾ ಕೊಳ್ಳುವ ವ್ಯವಸ್ಥೆ ಮಾಡಿಕೊಂಡು ಹಿಂತಿರುಗಿದರು.

ಯಂತ್ರವೇನೋ ದೊರೆಯಿತು, ತಾರಾಮತಿ ದೊರೆಯಲಿಲ್ಲ. ಹೆಂಗಸರು ಬೇಕೆಂದು ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟರು. ಮರ್ಯಾದಸ್ಥ ಮನೆಗಳಿಂದ ಯಾರೂ ಬರಲಿಲ್ಲ. ವೇಶ್ಯೆಯರ ಬೀದಿಗೆ ಹೋಗಿ ಕೇಳಿದರೂ ಫಲವಾಗಲಿಲ್ಲ. ಕ್ಯಾಮರಾದ ಎದುರು ನಿಲ್ಲುವುದನ್ನು ಅವರು ಕೂಡ ತಮ್ಮ ಘನತೆಗೆ ಕಡಿಮೆಯೆಂದು ಬಗೆದರು. ಕೊನೆಗೆ ಫಾಲ್ಕೆಯವರ ಕಣ್ಣು ಬಿದ್ದುದು ಗ್ರಾಂಟ್ ರೋಡಿನ ಒಂದು ಹೋಟೆಲಿನಲ್ಲಿ ದುಡಿಯುತ್ತಿದ್ದ ಅಣ್ಣಾ ಸಾಳುಂಕೆ ಎಂಬ ಅಡಿಗೆಯವನ ಮೇಲೆ. ತೆಳ್ಳನೆಯ ಮೈಕಟ್ಟು, ಕೋಮಲವಾದ ಕೈಗಳು. ಹೋಟೆಲಿನಲ್ಲಿ ಅವನಿಗೆ ತಿಂಗಳಿಗೆ ಹತ್ತು ರೂಪಾಯಿ ಸಂಬಳವಿತ್ತು. ಫಾಲ್ಕೆಯವರು ಹದಿನೈದು ಕೊಡುವೆನೆಂದರು. ಹೀಗೆ ಒಲೆಯ ಮುಂದಿನ ಬಾಣಸಿಗನು ಅಯೋಧ್ಯೆಯ ಪಟ್ಟದ ರಾಣಿಯಾದನು. ಐದು ವರ್ಷಗಳ ಮೇಲೆ, 1917ರ ‘ಲಂಕಾ ದಹನ’ದಲ್ಲಿ ಇದೇ ಸಾಳುಂಕೆಯು ರಾಮ ಮತ್ತು ಸೀತೆ ಎರಡೂ ಪಾತ್ರಗಳನ್ನು ವಹಿಸಿದನು. ಯಕ್ಷಗಾನದ ಸ್ತ್ರೀವೇಷಗಳನ್ನು ಬಾಲ್ಯದಿಂದ ನೋಡಿ ಬೆಳೆದ ನಮ್ಮ ಜನಕ್ಕೆ ಇದರಲ್ಲಿ ಆಶ್ಚರ್ಯವೆನಿಸಲಾರದು. ಆದರೆ ಹೆಣ್ಣಿನ ಪಾತ್ರಕ್ಕೆ ಹೆಣ್ಣು ಸಿಗದಿದ್ದ ಕಾಲವದು ಎಂಬುದನ್ನು ಲಕ್ಷ್ಯದಲ್ಲಿಟ್ಟುಕೊಂಡರೆ ಮಾತ್ರ ಮಂದಾಕಿನಿಯ ಕಾರ್ಯದ ಬೆಲೆ ತಿಳಿಯುವುದು.

ಈ ಕಟ್ಟನ್ನು ಮೊದಲು ಮುರಿದವರು ತಾಯಿಮಗಳಿಬ್ಬರು. ‘ರಾಜಾ ಹರಿಶ್ಚಂದ್ರ’ವು 1913ರ ಮೇ 3ರಂದು ಗಿರಗಾಂವಿನ ಕಾರೋನೇಶನ್ ಚಿತ್ರಗೃಹದಲ್ಲಿ ಸಾರ್ವಜನಿಕರ ಮುಂದೆ ಬಂದ ಬಳಿಕ ಫಾಲ್ಕೆಯವರು ಮುಂಬಯಿಯನ್ನು ಬಿಟ್ಟು ನಾಸಿಕಕ್ಕೆ ಹೋಗಿ ನೆಲಸಿದರು. ಅಲ್ಲಿ ತಯಾರಿಸಿದ ‘ಮೋಹಿನಿ ಭಸ್ಮಾಸುರ’ದಲ್ಲಿ ದುರ್ಗಾಬಾಯಿ ಕಾಮತರು ಪಾರ್ವತಿಯಾದರು, ನಾಟಕದ ರಂಗದ ಮೇಲೆ ಬೆಳೆದ ಅವರ ಮಗಳು ಕಮಲಾ ಮೋಹಿನಿಯಾದಳು. ಆಗ ಕಮಲೆಗೆ ಸುಮಾರು ಹದಿಮೂರು ವರ್ಷ. ಮುಂದೆ ಕಮಲಾಬಾಯಿ ಗೋಖಲೆಯೆಂದು ಹೆಸರಾದ ಆಕೆ 1998ರವರೆಗೆ ಬದುಕಿದ್ದರು. ಕಮಲೆಗೆ ದೊರೆತುದು ಪ್ರಾಯದ ಹೆಣ್ಣಿನ ಪಾತ್ರ. ಮಗುವೇ ಕಥಾನಾಯಕನಾಗುವ ಚಿತ್ರಕ್ಕೆ ಇನ್ನೂ ಕೆಲವು ವರ್ಷ ಕಾಯಬೇಕಾಯಿತು.

ಮನೆಯೇ ಕಾರ್ಖಾನೆ

ಫಾಲ್ಕೆಯವರ ಚಿತ್ರಗಳು ತಯಾರಾದುದು ಮನೆಮಂದಿಯ ದುಡಿಮೆಯಿಂದ. ಪತ್ನಿ ಸರಸ್ವತೀಬಾಯಿಯವರು ತಮ್ಮ ಆಭರಣಗಳನ್ನು ಕೊಟ್ಟರು. ಹಗಲು ನಟರಿಗೂ ಕೆಲಸಗಾರರಿಗೂ ಅಡಿಗೆ ಮಾಡಿ ಬಡಿಸಿದರು; ರಾತ್ರಿ ಕತ್ತಲೆ ಕೋಣೆಯಲ್ಲಿ ಕುಳಿತು ಫಿಲ್ಮಿನ ಅಂಚಿಗೆ ರಂಧ್ರಗಳನ್ನು ಕೊರೆದರು, ಅದನ್ನು ತೊಳೆಯುವ ಕೆಲಸವನ್ನೂ ಕಲಿತರು. ಹತ್ತಾರು ಮಂದಿಗೆ ಎರಡು ಹೊತ್ತು ಬಡಿಸುವುದೆಂದರೆ ಏನೆಂಬುದನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾದುದಿಲ್ಲ.

ಮಕ್ಕಳೂ ಈ ದುಡಿಮೆಯಿಂದ ಹೊರತಾಗಲಿಲ್ಲ. ಹರಿಶ್ಚಂದ್ರನ ಮಗ ರೋಹಿತನ ಪಾತ್ರವನ್ನು ವಹಿಸಿದವನು ಫಾಲ್ಕೆಯವರ ಮಗ ಭಾಲಚಂದ್ರ. ಚಿತ್ರೀಕರಣದ ನಡುವೆ ಆ ಹುಡುಗ ಬಿದ್ದು, ತಲೆಗೆ ಪೆಟ್ಟಾಗಿ ಎಚ್ಚರ ತಪ್ಪಿದನೆಂದೂ, ರೋಹಿತನು ಸತ್ತು ಮಲಗಿರುವ ದೃಶ್ಯವನ್ನು ತಂದೆಯು ಆ ಸ್ಥಿತಿಯಲ್ಲಿಯೇ ತೆಗೆದನೆಂದೂ ಫಾಲ್ಕೆಯವರ ವಿಷಯದಲ್ಲಿ ಒಂದು ವೃತ್ತಾಂತವನ್ನು ಹೇಳುತ್ತ ಬಂದಿದ್ದಾರೆ. ಕಲೆಯ ಮೇಲಿನ ನಿಷ್ಠೆಗೆ ನಿದರ್ಶನವಾಗಿ ಇದನ್ನು ಹೊಗಳುವವರಿದ್ದಾರೆ. ನಮಗಂತೂ ಅದನ್ನು ಕೇಳಿದಾಗಲೆಲ್ಲ ತಂದೆಗಿಂತ ಮೊದಲು ಆ ಮಗುವಿನ ನೆನಪಾಗುತ್ತದೆ.

ಏಳು ವರ್ಷದ ಕೃಷ್ಣ

1918ರ ಆರಂಭದಲ್ಲಿ ಫಾಲ್ಕೆಯವರು ಮುಂಬಯಿಯ ವರ್ತಕರನ್ನು ಪಾಲುಗಾರರನ್ನಾಗಿ ಮಾಡಿಕೊಂಡು ಹಿಂದುಸ್ಥಾನ ಸಿನೇಮಾ ಫಿಲ್ಮ್ಸ್ ಕಂಪನಿಯನ್ನು ಹುಟ್ಟುಹಾಕಿದರು. ಅದರ ಆಶ್ರಯದಲ್ಲಿ ಹೊರಬಂದ ‘ಶ್ರೀಕೃಷ್ಣ ಜನ್ಮ’ದಲ್ಲಿ ಮಂದಾಕಿನಿ ಕಾಣಿಸಿಕೊಂಡಳು. ಮರುವರ್ಷದ ‘ಕಾಳಿಯಾ ಮರ್ದನ’ವಾದರೋ ಅವಳದೇ ಚಿತ್ರವಾಯಿತು.

ಚಿತ್ರದ ಮೊದಲಿಗೆ ಕಥೆಯೇ ಇಲ್ಲ. ಏಳು ವರ್ಷದ ಬಾಲಿಕೆಯ ಮುಖಭಾವಗಳೆಂಬ ಅರ್ಥದ ಬರಹವು ತೆರೆಯ ಮೇಲೆ ಮೂಡುತ್ತದೆ. ಅನಂತರ ಮಂದಾಕಿನಿಯ ಮುಖವೊಂದೇ ಕಾಣುತ್ತದೆ. ಒಂದು ಭಾವವಳಿದು ಇನ್ನೊಂದು ಆ ಮುಖದ ಮೇಲೆ ಸುಳಿಯುತ್ತದೆ. ನಮ್ಮ ಯಕ್ಷಗಾನದ ಪೂರ್ವರಂಗದಲ್ಲಿ ಬಾಲಗೋಪಾಲರ ವೇಷಗಳು ಬಂದು ಕುಣಿದು ಹೋದ ಮೇಲೆ ಪ್ರಸಂಗವು ಮೊದಲಾಗುವಂತೆ, ಇಲ್ಲಿಯೂ ಈ ಪುಟ್ಟ ನಟಿಯ ಪರಿಚಯವಾದ ಮೇಲೆ ಕೃಷ್ಣಲೀಲೆಯು ತೊಡಗುತ್ತದೆ. ಬೆಣ್ಣೆಯ ಕಳ್ಳತನ, ಗೊಲ್ಲರ ಹುಡುಗರೊಡನೆ ಊರವರನ್ನು ಕಾಡುವ ತುಂಟತನ ಎಲ್ಲವೂ ಅದರಲ್ಲಿವೆ. ಕೊನೆಗೆ ಬಾಲಕೃಷ್ಣನು ಯಮುನೆಗೆ ಹಾರಿ ನೀರಿನೊಳಗೆ ಕಾಳಿಂಗನೊಡನೆ ಹೋರಾಡುತ್ತಾನೆ. ದಡದಲ್ಲಿ ಗೋಕುಲದ ಜನ ಕಾತರರಾಗಿ ನಿಂತಿರುತ್ತಾರೆ. ಹಾವಿನ ಹೆಡೆಯ ಮೇಲೆ ನಿಂತ ಕೃಷ್ಣನು ನೀರಿನಿಂದ ಮೇಲೆದ್ದು ಬರುವುದರೊಂದಿಗೆ ಅವರ ದುಃಖವು ಕಳೆಯುತ್ತದೆ.

ಈ ಕೆಲಸವು ಎಷ್ಟು ಕಷ್ಟದ್ದೆಂಬುದನ್ನು ತುಸು ಯೋಚಿಸಬೇಕು. ಅಂದಿನ ಕ್ಯಾಮರಾವನ್ನು ಕೈಯಿಂದ ತಿರುಗಿಸಬೇಕಾಗಿತ್ತು. ವಿದ್ಯುದ್ದೀಪಗಳ ಅನುಕೂಲವಿಲ್ಲದೆ ಬಿಸಿಲನ್ನೇ ನಂಬಿ ಚಿತ್ರ ತೆಗೆಯಬೇಕಾಗಿತ್ತು. ಆದುದರಿಂದ ನಟರು ವೇಷಭೂಷಣ ತೊಟ್ಟು, ಬಣ್ಣ ಹಚ್ಚಿಕೊಂಡು ಹಗಲಿನ ಬೆಳಕಿಗೆ ನಿಲ್ಲಬೇಕು. ಮಾತಿನ ಆಸರೆಯಿಲ್ಲ, ಹಾಡಿನ ಆಸರೆಯಿಲ್ಲ. ನಗುವೂ ಅಳುವೂ ಕೋಪವೂ ಕಣ್ಣು ಹುಬ್ಬುಗಳಿಂದಲೇ ಹೊರಡಬೇಕು. ಪ್ರೌಢ ನಟರೂ ಅತಿಯಾಗಿ ಕೈಕಾಲು ಬೀಸುತ್ತಿದ್ದ ಆ ದಿನಗಳಲ್ಲಿ ಈ ಮಗುವಿನ ನಟನೆಯು ಸಹಜವಾಗಿ ಹರಿಯುತ್ತದೆ. ಚಿತ್ರವು ಹತ್ತು ತಿಂಗಳ ಕಾಲ ಓಡಿತೆಂದು ಪ್ರತೀತಿ. ಚಾರ್ಲಿ ಚಾಪ್ಲಿನನ ‘ದಿ ಕಿಡ್’ ಚಿತ್ರದ ಹುಡುಗ ಜಾಕಿ ಕೂಗನನು ಲೋಕದ ಕಣ್ಮಣಿಯಾದುದು 1921ರಲ್ಲಿ. ಅದಕ್ಕಿಂತ ಎರಡು ವರ್ಷ ಮೊದಲೇ ನಮ್ಮ ನೆಲದಲ್ಲಿ ಒಂದು ಹೆಣ್ಣು ಮಗುವು ಇಡೀ ಚಿತ್ರವನ್ನು ತನ್ನ ಹೆಗಲ ಮೇಲೆ ಹೊತ್ತಿತ್ತೆಂಬುದು ಅಭಿಮಾನದ ಸಂಗತಿ.

ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. ‘ಹರಿಶ್ಚಂದ್ರ’ದಲ್ಲಿ ಗಂಡಸು ರಾಣಿಯಾದನು, ‘ಕಾಳಿಯಾ ಮರ್ದನ’ದಲ್ಲಿ ಹುಡುಗಿ ಕೃಷ್ಣನಾದಳು. ಇಂದು ಅಷ್ಟಮಿಯ ದಿನ ಉಡುಪಿಯಲ್ಲಿಯೂ ಮುಂಬಯಿಯ ನಮ್ಮ ಸಂಘಸಂಸ್ಥೆಗಳಲ್ಲಿಯೂ ಮುದ್ದುಕೃಷ್ಣನ ಸ್ಪರ್ಧೆ ನಡೆದಾಗ ನವಿಲುಗರಿ ಮುಡಿದು ಬರುವವರಲ್ಲಿ ಹೆಣ್ಣುಮಕ್ಕಳೂ ಇರುತ್ತಾರೆ. ಯಾರೂ ಹುಬ್ಬು ಏರಿಸುವುದಿಲ್ಲ. ಆದರೆ ಮನೆಯ ಹೆಣ್ಣನ್ನು ತೆರೆಗೆ ಕಳುಹಿಸುವುದು ಅವಮಾನವೆಂದು ಜನ ನಂಬಿದ್ದ ಆ ದಿನಗಳಲ್ಲಿ ಫಾಲ್ಕೆಯವರು ತಮ್ಮ ಸ್ವಂತ ಮಗಳನ್ನೇ ಮುಂದೆ ತಂದು ನಿಲ್ಲಿಸಿದರು. ಇತರರ ಮಕ್ಕಳನ್ನು ಕೇಳುವ ಮೊದಲು ತನ್ನ ಮಗುವನ್ನು ತಂದ ಆ ಧೈರ್ಯವನ್ನು ಮೆಚ್ಚಲೇಬೇಕು.

ಮರೆಗೆ ಸರಿದ ಹೆಸರು

ಖ್ಯಾತಿಯು ಬಂದಷ್ಟೇ ಬೇಗ ಮರೆಯಾಯಿತು. ಪಾಲುಗಾರರೊಡನೆ ಮನಸ್ತಾಪವಾಗಿ ಫಾಲ್ಕೆಯವರು ಕಂಪನಿಯನ್ನು ತೊರೆದು ಕುಟುಂಬದೊಡನೆ ಕಾಶಿಗೆ ಹೊರಟುಹೋದರು. 1922ರಲ್ಲಿ ಹಿಂದಿರುಗಿ ಮತ್ತೆ ಚಿತ್ರಗಳನ್ನು ತೆಗೆದರಾದರೂ ಕಾಲವು ಬದಲಾಗಿತ್ತು. 1931ರ ಮಾರ್ಚ್ 14ರಂದು ಗಿರಗಾಂವಿನ ಮೆಜೆಸ್ಟಿಕ್ ಚಿತ್ರಗೃಹದಲ್ಲಿ ‘ಆಲಂ ಆರಾ’ ಮಾತನಾಡಿತು. ಅದರ ನಾಯಿಕೆ ಜುಬೇದಾ ಕೂಡ ಹುಡುಗಿಯಾಗಿದ್ದಾಗಲೇ ಮೂಕಚಿತ್ರಗಳಿಗೆ ಬಂದವಳು. ಫಾಲ್ಕೆಯವರು 1944ರ ಫೆಬ್ರವರಿ 16ರಂದು ನಾಸಿಕದಲ್ಲಿ ತೀರಿಕೊಂಡರು. ಮದುವೆಯಾಗಿ ಮಂದಾಕಿನಿ ಆಠವಲೆಯಾದ ಮಗಳ ಕೀರ್ತಿಯೆಲ್ಲವೂ ಆ ಬಾಲ್ಯದ ಚಿತ್ರಗಳಿಗೇ ನಿಂತುಹೋಯಿತು.

ಆ ಕಾಲದ ಫಿಲ್ಮು ಬೇಗನೆ ಬೆಂಕಿ ಹಿಡಿಯುವಂಥದು. ಅದರಲ್ಲಿದ್ದ ಬೆಳ್ಳಿಯ ಆಸೆಗಾಗಿ ಕರಗಿಸಿ ಮಾರಿದವರೂ ಇದ್ದರು. ನಮ್ಮ ಮೂಕಚಿತ್ರಗಳಲ್ಲಿ ಬಹುಪಾಲು ಹೀಗೆ ಹಾಳಾಗಿ ಉಳಿದಿರುವವು ಬೆರಳೆಣಿಕೆಯಷ್ಟು. ‘ಹರಿಶ್ಚಂದ್ರ’ದ ತುಣುಕುಗಳು ಮಾತ್ರ ದೊರೆತಿವೆ. ‘ಕಾಳಿಯಾ ಮರ್ದನ’ದ ಅದೃಷ್ಟ ಅದಕ್ಕಿಂತ ಮೇಲು: ಸುಮಾರು 6,000 ಅಡಿಗಳಲ್ಲಿ 4,441 ಅಡಿಗಳು ಉಳಿದುಬಂದಿವೆ. ಆದುದರಿಂದಲೇ ನೂರು ವರ್ಷಗಳಾಚೆಯ ಆ ಮಗುವಿನ ನಗೆಯನ್ನು ನಾವು ಇಂದಿಗೂ ಕಾಣಬಹುದಾಗಿದೆ.

ಆಟವೋ, ದುಡಿಮೆಯೋ?

ಈ ಮಾತನ್ನು ಇಲ್ಲಿಗೆ ನಿಲ್ಲಿಸಿದರೆ ಕಥೆಯ ಅರ್ಧ ಭಾಗವನ್ನು ಮುಚ್ಚಿಟ್ಟಂತಾದೀತು. ಮಗುವು ಮಾಡಿದುದು ಆಟವಲ್ಲ, ದುಡಿಮೆ. ಜಾಕಿ ಕೂಗನನು ಬಾಲ್ಯದಲ್ಲಿ ಗಳಿಸಿದ ಹಣವೆಲ್ಲವೂ ಹಿರಿಯರ ಕೈಯಲ್ಲಿ ಕರಗಿ, ಪ್ರಾಯಕ್ಕೆ ಬಂದ ಮೇಲೆ ಅವನು ಸ್ವಂತ ತಾಯಿಯ ಮೇಲೆಯೇ ದಾವೆ ಹೂಡಬೇಕಾಯಿತು. ಆ ಬಳಿಕ ಕ್ಯಾಲಿಫೋರ್ನಿಯಾದಲ್ಲಿ 1939ರಲ್ಲಿ ಬಾಲನಟರ ಸಂಪಾದನೆಯನ್ನು ಕಾಯುವ ಕಾನೂನಾಯಿತು.

ನಮ್ಮಲ್ಲಿ? ಎಳೆಯ ವಯಸ್ಸಿನಲ್ಲಿ ಊರು ಬಿಟ್ಟು ಬಂದು, ಮುಂಬಯಿಯ ಹೋಟೆಲುಗಳಲ್ಲಿ ಮೇಜು ಒರೆಸಿ, ತಟ್ಟೆಲೋಟ ತೊಳೆದು, ರಾತ್ರಿಶಾಲೆಯಲ್ಲಿ ತೂಕಡಿಸುತ್ತ ಅಕ್ಷರ ಕಲಿತ ಹಿರಿಯರು ನಮ್ಮ ಸಮಾಜದಲ್ಲಿ ಬೇಕಾದಷ್ಟು ಮಂದಿ ಇದ್ದರು. ಹದಿನಾಲ್ಕು ವರ್ಷದೊಳಗಿನವರನ್ನು ಹೋಟೆಲುಗಳಲ್ಲಿ ದುಡಿಸಬಾರದೆಂಬ ನಿಷೇಧ ಜಾರಿಗೆ ಬಂದುದು 2006ರ ಅಕ್ಟೋಬರ 10ರಂದು. 2016ರ ತಿದ್ದುಪಡಿಯು ಈ ನಿಷೇಧವನ್ನು ಎಲ್ಲ ಉದ್ಯೋಗಗಳಿಗೂ ವಿಸ್ತರಿಸಿತು. ಆದರೆ ಚಿತ್ರ, ದೂರದರ್ಶನ ಮುಂತಾದವುಗಳಲ್ಲಿ ನಟಿಸುವ ಮಕ್ಕಳಿಗೆ ಕಟ್ಟಳೆಗಳ ಮೇಲೆ ವಿನಾಯಿತಿ ಕೊಟ್ಟಿತು. 2017ರ ನಿಯಮಗಳಂತೆ ಬಾಲಕಲಾವಿದರು ದಿನಕ್ಕೆ ಐದು ಗಂಟೆಗಿಂತ ಹೆಚ್ಚು, ವಿರಾಮವಿಲ್ಲದೆ ಮೂರು ಗಂಟೆಗಿಂತ ಹೆಚ್ಚು ದುಡಿಯಕೂಡದು. ಅವರ ಸಂಪಾದನೆಯಲ್ಲಿ ಶೇಕಡಾ 20ರಷ್ಟನ್ನಾದರೂ ಅವರದೇ ಹೆಸರಿನಲ್ಲಿ ಬ್ಯಾಂಕಿನಲ್ಲಿ ಇರಿಸಬೇಕು. ಮಗುವಿನ ಒಪ್ಪಿಗೆಯಿಲ್ಲದೆ ನಟಿಸುವಂತೆ ಮಾಡಕೂಡದು.

ಮಂದಾಕಿನಿಯ ಕಾಲದಲ್ಲಿ ಇಂಥ ಕಟ್ಟಳೆಗಳೊಂದೂ ಇರಲಿಲ್ಲ. ಅವಳ ತಂದೆ ಮಗಳನ್ನು ಕಲೆಗೆಂದು ತಂದವರೇ ಹೊರತು ಧನದಾಸೆಗೆ ತಂದವರಲ್ಲವೆಂದು ನಮ್ಮ ನಂಬಿಕೆ. ಆದರೆ ಎಲ್ಲ ತಂದೆತಾಯಿಗಳೂ ಫಾಲ್ಕೆಗಳಲ್ಲ. ಟೆಲಿವಿಷನ್ನಿನ ಸ್ಪರ್ಧೆಗಳಿಗೂ ಜಾಹೀರಾತುಗಳಿಗೂ ಎಳೆಯ ಮಕ್ಕಳನ್ನು ಕರೆದುಕೊಂಡು ಸ್ಟುಡಿಯೋಗಳ ಬಾಗಿಲು ಕಾಯುವವರು ಈ ನಗರದಲ್ಲಿ ಇಂದಿಗೂ ಇದ್ದಾರೆ; ಅವರಲ್ಲಿ ನಮ್ಮ ಬಂಧುಗಳೂ ಇದ್ದಾರು. ಮಗುವಿಗೆ ನಿಜವಾದ ಆಸೆಯಿದ್ದರೆ ಕಲಿಸಲಿ, ಕುಣಿಸಲಿ. ಆದರೆ ಶಾಲೆ ತಪ್ಪದಿರಲಿ, ನಿದ್ರೆ ಕೆಡದಿರಲಿ, ಮಗು ಗಳಿಸಿದುದು ಮಗುವಿಗೇ ಉಳಿಯಲಿ ಎಂಬುದಿಷ್ಟೇ ನಮ್ಮ ವಿನಂತಿ.

ಮೊದಲ ರಾಣಿಯಾಗಿ ಹೋಟೆಲಿನ ಅಡಿಗೆಯವನು, ಹಿಂದೆ ನಿಂತು ದುಡಿದ ಗೃಹಿಣಿ, ಹಾವಿನ ಹೆಡೆಯ ಮೇಲೆ ಕುಣಿದ ಏಳು ವರ್ಷದ ಬಾಲೆ: ಭಾರತದ ಚಿತ್ರರಂಗದ ಅಡಿಪಾಯಕ್ಕೆ ಕಲ್ಲು ಹೊತ್ತವರಲ್ಲಿ ಇವರೂ ಸೇರಿದ್ದಾರೆ. ಮುಂದಿನ ಸಲ ದಾದರ ಪೂರ್ವದ ಆ ರಸ್ತೆಯಲ್ಲಿ ನಡೆಯುವಾಗ ವಾಚಕರು ಫಲಕದ ಮೇಲಿನ ಹೆಸರಿನೊಡನೆ ಸಾಳುಂಕೆಯನ್ನೂ ಸರಸ್ವತೀಬಾಯಿಯನ್ನೂ ಪುಟ್ಟ ಮಂದಾಕಿನಿಯನ್ನೂ ಒಮ್ಮೆ ಸ್ಮರಿಸಬೇಕೆಂದು ಕೋರುತ್ತೇವೆ.