ಅಜ್ಜಿಗೆ ಓದಲಾಗದ ಸಂದೇಶ

ಸಹೋದರಿಯರೇ, ಆರ್.ಟಿ. ನಗರ, ಹೆಬ್ಬಾಳದ ಉರ್ದು ಮಾತಾಡುವ ಮನೆಗಳನ್ನು ಗಮನಿಸಿದ್ದೀರಾ? ಅಜ್ಜಿ ಪತ್ರ ಬರೆಯುತ್ತಿದ್ದುದು ಉರ್ದು ಲಿಪಿಯಲ್ಲಿ. ತಾಯಿಯ ದಿನಸಿ ಪಟ್ಟಿ ಶಾಲೆಯಲ್ಲಿ ಕಲಿತ ಕನ್ನಡದಲ್ಲಿ. ಮಗಳೋ ಉರ್ದುವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತುತ್ತಾಳೆ. ಅಜ್ಜಿಗೆ ಅದನ್ನು ಯಾರಾದರೂ ಓದಿ ಹೇಳಬೇಕು.

ಇದನ್ನು ಮಕ್ಕಳ ಉಡಾಫೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒಂದು ಎಸ್ಸೆಮ್ಮೆಸ್‌ನಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿಸಿದರೆ ಕನ್ನಡ, ಉರ್ದುವಿಗೆ ಸಿಗುತ್ತಿದ್ದುದು 70 ಮಾತ್ರ. ಕನ್ನಡದ ಕೊಂಬು, ಒತ್ತುಗಳಿಗೂ ಪ್ರತ್ಯೇಕ ಲೆಕ್ಕ! ಅಂದಿನ ಎಷ್ಟೋ ಮೊಬೈಲುಗಳಲ್ಲಿ ನಮ್ಮ ಲಿಪಿಗಳೇ ಇರಲಿಲ್ಲ. ಅಭ್ಯಾಸ ಬೆಳೆದದ್ದು ಹೀಗೆ.

ಈಗಿನ ಫೋನುಗಳಲ್ಲಿ ಎರಡೂ ಕೀಲಿಮಣೆಗಳಿವೆ. ಕುರ್‌ಆನ್ ಓದಲು ಅರಬಿ ಕಲಿತ ಮಗಳಿಗೆ ಉರ್ದುವಿನ ಹೆಚ್ಚಿನ ಅಕ್ಷರಗಳು ಆಗಲೇ ಗೊತ್ತು. ಉಳಿದದ್ದು ಪೇ, ಟೇ, ಚೇ, ಗಾಫ್‌ನಂಥ ಕೆಲವು. ಅವನ್ನು ಅಜ್ಜಿಯೇ ಕಲಿಸಬಲ್ಲರು.